ಹಂಪಮ್ಮ ಹೋದ ದಾರಿ

"ಈ ಮುದುಕಿ ನಮ್ಮನ್ನ ಸುಮ್ಮನ ಸುತ್ತಿಸಾಕತ್ಯಾಳ್ರಿ ರಾಯರ," ಎಂದ ಡ್ರೈವರ್ ಮರಿಬಸಪ್ಪ, ಕನ್ನಡಿಯಲ್ಲಿ ಹಿಂದೆ ನೋಡುತ್ತ. "ಮೊನ್ನೆ ಕುರುಗೋಡು. ನಿನ್ನೆ ತಿರುಗಿ ರೂಪನಗುಡಿ. ಇವತ್ತು ಹಚ್ಚೊಳ್ಳಿ ಅಂತಾಳ. ಎರಡು ಹೊತ್ತು ಊಟ ಸಿಗತೈತಿ, ಆಕಿಗೇನು."

ಪ್ರಹ್ಲಾದರಾಯರಿಗೂ ಅದೇ ಅನುಮಾನವಿತ್ತು.

ಗಾಡಿ ಮೊದಲು ಮಿಲಿಟರಿ ಆಂಬುಲೆನ್ಸ್ ಆಗಿತ್ತು. ಯುದ್ಧ ಮುಗಿದ ಮೇಲೆ ಮದರಾಸಿನ ಹರಾಜಿನಲ್ಲಿ ರಾಯರು ಅದನ್ನು ಕೊಂಡು, ಒಳಗೆ ಮಂಚ, ಸ್ಟೋವು, ದೇವರ ಗೂಡು ಕೂಡಿಸಿ ಮನೆಯಂತೆ ಮಾಡಿಕೊಂಡಿದ್ದರು. ಹೆಂಡತಿ ತೀರಿಕೊಂಡಿದ್ದರು. ಸರ್ವೆ ಇಲಾಖೆಯ ನೌಕರಿಯೂ ಮುಗಿದಿತ್ತು. ೧೯೫೦ರ ಬೇಸಿಗೆಯಲ್ಲಿ ಅವರು ಬಳ್ಳಾರಿಗೆ ಬಂದದ್ದು ಒಬ್ಬ ಹೆಂಗಸನ್ನು ಹುಡುಕಲು.

ಅವಳ ಹೆಸರು ಹಂಪಮ್ಮ. ಇಪ್ಪತ್ತೊಂಬತ್ತು ವರ್ಷಗಳ ಹಿಂದೆ ಕುರುಗೋಡಿನ ಗುಡ್ಡಗಳಲ್ಲಿ ಸರ್ವೆ ನಡೆದಾಗ ಗಡಿಕಲ್ಲು ಹೊರಲು ಬರುತ್ತಿದ್ದ ಕೇರಿಯ ಹುಡುಗಿ. ಆರು ತಿಂಗಳು ಅವಳ ಜೊತೆಗಿದ್ದು, ಯುಗಾದಿಗೆ ಬಂದು ಕರೆದೊಯ್ಯುತ್ತೇನೆಂದು ಮಾತು ಕೊಟ್ಟು, ರಾಯರು ತಾವೇ ಕೇಳಿಕೊಂಡು ವರ್ಗವಾಗಿ ಹೋಗಿದ್ದರು. ಈಗ ಅವಳ ಕ್ಷಮೆ ಕೇಳಬೇಕಿತ್ತು.

ಬಳ್ಳಾರಿಯ ಹತ್ತಿಗಿರಣಿಯೊಂದರ ಅಂಗಳದಲ್ಲಿ ವಿಚಾರಿಸಿದಾಗ ಊರೂರಿನಿಂದ ಬಂದ ಕೂಲಿ ಹೆಂಗಸರ ನಡುವಿನಿಂದ ಒಬ್ಬಳು ಎದ್ದುಬಂದಿದ್ದಳು. ನರೆತ ತಲೆ, ಬಾಗಿದ ಬೆನ್ನು. ರಾಯರ ಮುಂದೆ ಮುಖವೆತ್ತಿ ನಿಂತಳು.

"ಹಂಪಮ್ಮ ನನಗ ಗೊತ್ರಿ ಧಣೇರ. ಕೂಡೇ ಕಲ್ಲು ಹೊತ್ತೀವಿ. ಆಕಿ ಹೋದ ದಾರಿ ತೋರಸತೀನಿ."

"ನಿನ್ನ ಹೆಸರು?"

"ಪಾರಮ್ಮ ಅನ್ರಿ."

ಗಾಡಿಯೊಳಗೆ ದೇವರ ಗೂಡಿತ್ತು. ಹಾಗಾಗಿ ಅವಳಿಗೆ ಹಿಂದಿನ ಮೆಟ್ಟಿಲೇ ಜಾಗವಾಯಿತು. ಕಬ್ಬಿಣದ ಸರಳು ಹಿಡಿದು, ಧೂಳು ಕುಡಿಯುತ್ತ ಕೂತಳು.

ಕುರುಗೋಡಿನ ಬಳಿ ದಾರಿ ಎರಡು ಗುಡ್ಡಗಳ ನಡುವೆ ಇಕ್ಕಟ್ಟಾಗಿತ್ತು. ಮನೆಗಾತ್ರದ ಬಂಡೆಗಳು ಒಂದರ ಮೇಲೊಂದು ನಿಂತು ಬಿಸಿಲು ಕಾರುತ್ತಿದ್ದವು. ಅವಳು ಗಾಡಿ ನಿಲ್ಲಿಸಲು ಹೇಳಿ ಒಂದು ಬಂಡೆಯ ನೆರಳು ತೋರಿಸಿದಳು.

"ಯುಗಾದಿ ದಿನ ಮುಂಜಾನಿಂದ ಇಲ್ಲೇ ಕುಂತಿದ್ಳು. ಆಮ್ಯಾಗ ಶ್ರಾವಣದ ತನಕ ದಿನಾ ಬರತಿದ್ಳು."

ರಾಯರು ಬಂಡೆಯನ್ನು ಮುಟ್ಟಿದರು. "ಇಲ್ಲೇ ಅವಳ ಬೊಗಸಿಯಿಂದ ನೀರು ಕುಡಿದಿದ್ದೆ," ಎಂದರು ತಮ್ಮಷ್ಟಕ್ಕೆ.

ಪಾರಮ್ಮ ಬಂಡೆಯ ಹಿಂದಿನ ದೊಣೆಗೆ ಹೋಗಿ ಒಂದು ಚರಿಗೆ ನೀರು ತಂದಳು. ರಾಯರು ದೂರದಿಂದಲೇ ಕೈ ಅಡ್ಡ ಹಿಡಿದರು.

"ಬ್ಯಾಡ. ಮರಿಬಸಪ್ಪ ತರತಾನ."

ಅವಳು ನೀರನ್ನು ಜಾಲಿಯ ಬುಡಕ್ಕೆ ಚೆಲ್ಲಿದಳು.

ರೂಪನಗುಡಿಯಲ್ಲಿ ಅವಳು ತೋರಿಸಿದ್ದು ಒಂದು ಜೋಳದ ಹೊಲ. ಕಟಾವು ಮುಗಿದು ಕರಿಮಣ್ಣು ಬಿರಿದಿತ್ತು.

"ಇಲ್ಲಿ ಹೆತ್ತಳು. ಗಂಡು. ಹನ್ನೊಂದು ದಿನ ಇತ್ತು."

ರಾಯರು ಬದುವಿನ ಮೇಲೆ ಕೂತರು. ಬಿರಿದ ಮಣ್ಣನ್ನು ನೋಡುತ್ತ ಕೇಳಿದರು: "ಯಾರನ್ನ ಹೋಲತಿತ್ತು?"

"ಹನ್ನೊಂದು ದಿನದ ಕೂಸು ಯಾರನ್ನ ಹೋಲತೈತ್ರಿ."

ಮರಿಬಸಪ್ಪನಿಗೆ ಇದೆಲ್ಲ ಕಟ್ಟುಕತೆ ಅನ್ನಿಸಿತ್ತು. ಹಚ್ಚೊಳ್ಳಿಯ ದಾರಿಯಲ್ಲಿ ಅವನು ಮತ್ತೆ ಅದನ್ನೇ ತೆಗೆದ. "ಬೇಕಾದ್ರ ನೋಡ್ರಿ, ಕಡೀಕ ನಾನ ಹಂಪಮ್ಮ ಅಂತ ನಿಮ್ಮ ಕಾಲು ಹಿಡೀತಾಳ. ನಿಮಗ ಹೆಂಡತಿ ಇಲ್ಲ, ಪಿಂಚಣಿ ಐತಿ. ಇಂಥಾದ್ದು ಯಾರು ಬಿಡತಾರ?"

"ಸಾವಿರ ಮಂದಿಯೊಳಗ ನಿಂತ್ರೂ ನಾ ಅವಳನ್ನ ಗುರುತು ಹಿಡೀತೀನಿ," ಎಂದರು ರಾಯರು. ಆದರೂ ಮರಿಬಸಪ್ಪನ ಮಾತು ಅವರ ಮನಸ್ಸಿನಲ್ಲಿ ಕೂತಿತು.

ಹಚ್ಚೊಳ್ಳಿಯಲ್ಲಿ ಹಂಪಮ್ಮ ಇರಲಿಲ್ಲ. ಅವಳು ಎಂಟು ವರ್ಷ ಮಣ್ಣು ಹೊತ್ತ ಕೆರೆಯ ಏರಿ ಇತ್ತು, ಅಷ್ಟೇ. ಮರುದಿನ ಸಿರುಗುಪ್ಪ ದಾಟಿ, ದಾರಿ ಹೊಳೆಯ ಮರಳಿನಲ್ಲಿ ಮುಗಿದುಹೋದಾಗ ರಾಯರ ತಾಳ್ಮೆಯೂ ಮುಗಿಯಿತು.

"ಇನ್ನೆಷ್ಟು ಊರು?"

"ಇನ್ನ ಊರಿಲ್ರಿ." ಪಾರಮ್ಮ ಮೆಟ್ಟಿಲಿಳಿದು ಬಂದು ಅವರೆದುರು ನಿಂತಳು. ತಲೆಯ ಮೇಲಿನ ಸೆರಗು ಸರಿಸಿದಳು. ನಾಲ್ಕು ದಿನಗಳಲ್ಲಿ ಇಷ್ಟು ಹತ್ತಿರ ಬಂದಿರಲಿಲ್ಲ. "ನನ್ನ ಕಡೆ ನೋಡ್ರಿ, ಧಣೇರ. ಒಂದು ಮಾತು ಹೇಳೋದೈತಿ."

ರಾಯರು ಎರಡು ಹೆಜ್ಜೆ ಹಿಂದೆ ಸರಿದರು. "ಹೇಳು. ಆದ್ರ ನೀನ ಹಂಪಮ್ಮ ಅಂತ ಮಾತ್ರ ಹೇಳಬ್ಯಾಡ. ಆ ಆಟ ನನಗ ಗೊತ್ತದ."

ಮರಿಬಸಪ್ಪ ಮೂಗಿನಲ್ಲೇ ನಕ್ಕ.

ಅವಳು ಹೊಳೆಯ ಕಡೆ ನೋಡಿದಳು. ನೀರು ಆಚೆಯ ದಡಕ್ಕೆ ಸರಿದು ತೆಳ್ಳಗೆ ಹರಿಯುತ್ತಿತ್ತು. ಆಮೇಲೆ ಸೆರಗನ್ನು ತಲೆಗೆ ಎಳೆದುಕೊಂಡಳು.

"ಅಲ್ರಿ. ಹಂಪಮ್ಮ ಸತ್ತಳು ಅಂತ ಹೇಳಾಕ ಬಂದೆ."

"ಯಾವಾಗ?"

"ಬಾಳ ದಿನ ಆಗಿಲ್ರಿ."

ರಾಯರು ಮುಖ ಮುಚ್ಚಿಕೊಂಡು ಅತ್ತರು. ನಂತರ ಮರಳು ದಾಟಿ ಹೋಗಿ, ಹೊಳೆಯಲ್ಲಿ ಮುಳುಗಿ, ಮೊಣಕಾಲು ನೀರಲ್ಲಿ ನಿಂತು ಅವಳ ಹೆಸರಲ್ಲಿ ಮೂರು ಸಲ ಎಳ್ಳುನೀರು ಬಿಟ್ಟರು. ಪಾರಮ್ಮ ದಂಡೆಯಲ್ಲಿ ಕೂತು ಕೊನೆಯ ಹನಿಯವರೆಗೂ ನೋಡಿದಳು.

ಮೇಲೆ ಬಂದಾಗ ಅವರ ಮುಖ ಹಗುರಾಗಿತ್ತು. "ನಿನ್ನ ಮ್ಯಾಲೆ ಅನುಮಾನ ಪಟ್ಟೆ. ತಪ್ಪಾತು," ಎಂದರು. ಹೆಂಡತಿಯ ಒಂದು ಸೀರೆ ತಂದು ಅವಳಿಗೆ ನಾಲ್ಕು ಮಾರು ದೂರದಲ್ಲಿ ಮರಳ ಮೇಲಿಟ್ಟರು. ಗಾಡಿ ಅವಳನ್ನು ಅಲ್ಲೇ ಬಿಟ್ಟು ಬಳ್ಳಾರಿಯ ಕಡೆ ತಿರುಗಿತು. ಸೀರೆ ಇಟ್ಟಲ್ಲೇ ಉಳಿಯಿತು.

ಸಂಜೆ ಅವಳು ಸಿರುಗುಪ್ಪದ ತನ್ನ ಕೇರಿ ಮುಟ್ಟಿದಾಗ ನೆರೆಮನೆಯ ಸತ್ಯಮ್ಮ ಬಾಗಿಲಲ್ಲಿ ಅಕ್ಕಿ ಕೇರುತ್ತಿದ್ದಳು.

"ಈಗ ಬಂದ್ಯಾ ಹಂಪಕ್ಕ? ಬಳ್ಳಾರಿ ಗಿರಣಿ ಬಿಟ್ಟು ನಾಕು ದಿನ ಆತಂತ. ಎಲ್ಲಿ ಹೋಗಿದ್ದಿ?"

"ಒಂದು ಸಾವಿತ್ತವ್ವಾ," ಎಂದಳು ಹಂಪಮ್ಮ. "ಮುಗಿಸಿ ಬಂದೆ."