ಹೊರಗಿನಿಂದ ಬೀಗ

ಕಿಟಕಿಯಾಚೆ ಅಪ್ಪನನ್ನು ಕಂಡದ್ದೇ ತಡ, ಸಿಮಿಯು ಗೋಡೆಗೆ ಅಂಟಿಕೊಂಡು ಕುಕ್ಕರಿಸಿದ.

ಅನುಮಾನವೇ ಇರಲಿಲ್ಲ. ತೆಂಗಿನ ಮರಗಳ ನಡುವೆ ಬರುತ್ತಿದ್ದುದು ಅಪ್ಪನೇ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಟೈ, ಕಂಕುಳಲ್ಲಿ ಚೀಲ. ಕರಿ ಬೂಟು ಮಾತ್ರ ಮರಳು ಮೆತ್ತದಿರಲೆಂದು ಕೈಯಲ್ಲಿತ್ತು. ಮೊಂಬಾಸಾದ ಹಡಗು ಕಂಪನಿಯ ಗುಮಾಸ್ತ ಮಕೋಖನಿಗೆ ಆಫೀಸಿನ ದಿನ, ಆಫೀಸಿನ ಹೊತ್ತಿನಲ್ಲಿ, ಈ ತಿವಿ ಎಂಬ ಕಡಲತೀರದಲ್ಲಿ ಏನು ಕೆಲಸ? ಮಗನನ್ನು ಹಿಡಿಯುವುದು ಬಿಟ್ಟು ಇನ್ನೇನು!

ಹಿಡಿಯದೆ ಬಿಡುತ್ತಾನೆಯೇ? ದಾರ್ ಎಸ್ ಸಲಾಮಿಗೆ ಒಂದು ಸೆಮಿಸ್ಟರ್ ಓದಲು ಹೋದ ಮಗರಾಯ, ಪರೀಕ್ಷೆ ಮುಗಿದ ಮೇಲೂ "ಒಂದು ವಾರ ಮುಂದಕ್ಕೆ ಹಾಕಿದ್ದಾರೆ" ಎಂದು ಮನೆಗೆ ಹಸಿ ಸುಳ್ಳು ಹೇಳಿದ್ದ. ಪುಸ್ತಕಕ್ಕೆಂದು ಅಪ್ಪ ಕಳಿಸಿದ್ದ ದುಡ್ಡಿನಲ್ಲೇ ಮಿಗಿಸಿಕೊಂಡು, ಸಹಪಾಠಿ ಜುಮಾನ್ನೆಯನ್ನು ಜೊತೆಗೆ ಕಟ್ಟಿಕೊಂಡು, ಗಡಿ ದಾಟಿದ ಬಸ್ಸಿನಿಂದ ನಡುದಾರಿಯಲ್ಲೇ ಇಳಿದುಬಿಟ್ಟಿದ್ದ. ನಿನ್ನೆ ಸಂಜೆ ಈ ತೀರದಲ್ಲೇ ಅಗ್ಗದ ಗುಡಿಸಲನ್ನು ಹುಡುಕಿ ಹಿಡಿದರು. ನಲ್ಲಿ ಹೊರಗೆ, ಕಕ್ಕಸೂ ಹೊರಗೆ. ಒಳಗೆ ಎರಡು ಮಂಚ, ಸರಳಿನ ಕಿಟಕಿಯೊಂದು. ಊಟಕ್ಕೆ ಬ್ರೆಡ್ಡು, ಬಾಳೆಹಣ್ಣು.

ದೂರದ ಬುಂಗೊಮ ಕಡೆಯ ಅವರ ಹಳ್ಳಿಯಲ್ಲಿ ಟೈ ಕಟ್ಟುವ ಗಂಡಸು ಅಪ್ಪನೊಬ್ಬನೇ. ಸುಳ್ಳೆಂದರೆ ಉರಿದುಬೀಳುವವನು. "ಇನ್ನೊಂದು ಸಲ ಸುಳ್ಳು ಹೇಳಿದ್ರೆ ಓದು ಬಿಡಿಸಿ ದನ ಕಾಯೋಕೆ ಕಳಿಸ್ತೀನಿ" ಎಂದು ಹಿಂದೆಯೇ ಹೇಳಿದ್ದ. ಹೇಳಿದ್ದನ್ನು ಮಾಡುವ ಜಾತಿಯೇ ಅದು.

ಜುಮಾನ್ನೆ ನಲ್ಲಿಯಿಂದ ನೀರು ತಂದ.

"ಹೊರಗೆ ಟೈ ಹಾಕಿರೋ ಯಜಮಾನ್ರೊಬ್ರು ನನ್ನನ್ನ ನಿಲ್ಲಿಸಿ ಕೇಳಿದ್ರು ಕಣೋ. ಒಳಗೆ ಎಷ್ಟು ಜನ, ಯಾವಾಗ ಹೊರಗೆ ಹೋಗ್ತೀರಿ ಅಂತ."

"ಅಯ್ಯೋ, ಅದು ನಮ್ಮಪ್ಪ! ಏನಂದೆ?"

"ಇಬ್ರು ಇದ್ದೀವಿ, ಈಜೋಕೆ ಹೊರಟ್ವಿ ಅಂದೆ. ನಿಮ್ಮಪ್ಪನಾ? ಪಾಪ, ಎಷ್ಟು ಮರ್ಯಾದೆಯಿಂದ ಮಾತಾಡ್ತಾರೋ! ನೀನ್ಯಾಕೆ ಹಿಂಗೆ ಒದ್ದೆ ಕೋಳಿ ಥರ ನಡುಗ್ತಿದ್ದೀಯಾ?"

"ನಿನಗೆ ಗೊತ್ತಿಲ್ಲ ಮಾರಾಯ. ಹೊರಗಿನಿಂದ ಬೀಗ ಹಾಕ್ಕೊಂಡು ಹೋಗು. ಇಬ್ರೂ ಹೋದ್ರು ಅಂದ್ಕೊಳ್ಲಿ."

"ಒಳ್ಳೇ ಬೋನಿಗೆ ಬಿದ್ದ ಇಲಿ ಆದ್ಯಲ್ಲೋ!" ಜುಮಾನ್ನೆ ನಗುತ್ತಾ ಬೀಗ ಜಡಿದು ಸಮುದ್ರಕ್ಕೆ ನಡೆದ.

ಸ್ವಲ್ಪ ಹೊತ್ತಿಗೆ ಗುಡಿಸಲುಗಳ ಯಜಮಾನಿ ಸಿದಿಯ ದೊಡ್ಡ ಗಂಟಲು ಕೇಳಿಸಿತು. "ಮಕೋಖ, ಆರನೇ ಗುಡಿಸಲು ನೋಡಿದ್ಯಾ?"

"ಹುಡುಗ್ರು ಈಜೋಕೆ ಹೋಗ್ತಾರಂತೆ ತಾಯಿ. ಆಮೇಲೆ ನೋಡ್ಕೋತೀನಿ."

ಆಮೇಲೆ ನೋಡ್ಕೋತೀನಿ! ಯಜಮಾನಿಯೂ ಶಾಮೀಲು.

ಬಿಸಿಲೇರಿತು. ಗುಡಿಸಲು ಕಾದ ಒಲೆಯಾಯಿತು. ಒಂದಕ್ಕೆ ಬೇರೆ ಅವಸರವಾಗಿ, ನೀರು ಕುಡಿಯಲೂ ಹೆದರಿ, ಮಂಚದ ಅಂಚಿನಲ್ಲಿ ತೊಡೆ ಬಿಗಿಹಿಡಿದು ಕುಳಿತ. ಕಿಟಕಿಯ ಸರಳು ಅಲುಗಾಡಿಸಿ ನೋಡಿದ. ಅದು ಜಪ್ಪಯ್ಯ ಎನ್ನಲಿಲ್ಲ.

ಅಷ್ಟರಲ್ಲಿ ಬಾಗಿಲ ಹತ್ತಿರವೇ ಅಪ್ಪನ ಫೋನು ಬಡಿದುಕೊಂಡಿತು. ಆ ಕಡೆ ಅಮ್ಮ.

"ಆಫೀಸಲ್ಲಿದ್ದೀನಿ ಕಣೇ, ಸಾಹೇಬ್ರು ಎದುರಿಗೇ ಇದ್ದಾರೆ. ಅವನಿಗೆ ಪರೀಕ್ಷೆ ಮುಂದಕ್ಕೆ ಹೋಗಿದೆಯಂತೆ. ಓದ್ಲಿ ಬಿಡು, ಫೋನ್ ಮಾಡಿ ತಲೆ ತಿನ್ಬೇಡ."

ಅಬ್ಬಾ! ಅಮ್ಮ ಎಲ್ಲಿ ಮಗನಿಗೆ ಸುಳಿವು ಕೊಡುತ್ತಾಳೋ ಎಂದು ಅವಳಿಗೂ ಸುಳ್ಳು! ಅಪ್ಪ ಸುಳ್ಳು ಹೇಳಿದ್ದನ್ನು ಸಿಮಿಯು ಕೇಳಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಇಷ್ಟು ಸಿಟ್ಟಾಗಿದ್ದಾನೆಂದರೆ ಓದಿನ ಕಥೆ ಮುಗಿದ ಹಾಗೇ.

ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಬರಿಗಾಲು ಬಂದು ನಿಂತವು. ಹೆಬ್ಬೆರಳಿನ ಉಗುರು ಕಪ್ಪಾಗಿದ್ದ ಎಡಗಾಲು ಅಪ್ಪನದೇ. ಬೀಗದಲ್ಲಿ ಕೀಲಿ ತಿರುಗಿತು. ಬೀಗ ಯಜಮಾನಿಯದು, ಇನ್ನೊಂದು ಕೀಲಿ ಇಟ್ಟುಕೊಂಡೇ ಇರುತ್ತಾಳೆ ಎಂದು ಹುಡುಗನಿಗೆ ಹೊಳೆದದ್ದು ಆಗ.

ಇನ್ನು ಕಾಲು ಹಿಡಿಯುವುದೊಂದೇ ದಾರಿ. "ತಪ್ಪಾಯ್ತಪ್ಪಾ, ಸುಳ್ಳು ಹೇಳಿದೆ" ಎನ್ನುವ ಮಾತನ್ನು ತುಟಿಗೆ ತಂದುಕೊಂಡು ಎದ್ದು ನಿಂತ. ಬಾಗಿಲು ತೆರೆಯಿತು.

ಮೈಮೇಲೆ ಗುಡಿಸಲುಗಳ ಹೆಸರು ಬರೆದ ಹಸಿರು ಅಂಗಿ, ಹೆಗಲ ಮೇಲೆ ಒಗೆದ ಹೊದಿಕೆ, ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಪೊರಕೆ. ಮಂಚದ ಪಕ್ಕ ಯಾರದೋ ಪಾದಗಳನ್ನು ಕಂಡು ಅಪ್ಪ ಗಕ್ಕನೆ ನಿಂತ.

"ಕ್ಷಮಿಸಿ ಸಾರ್, ಯಾರೂ ಇಲ್ಲ ಅಂದ್ಕೊಂಡೆ," ಎಂದ, ತಲೆ ಎತ್ತದೆ. "ಗುಡಿಸೋಕೆ ಬಂದೆ."