ಬಿಳಿ ಗೆರೆ

ಹೊಸ ಕಚೇರಿ ಕಟ್ಟಡವನ್ನು ಕಟ್ಟಿಸಿದ ಎಂಜಿನಿಯರ್ ಸಾಹೇಬರೇ ಅದರ ಗುಣಮಟ್ಟದ ವರದಿಯನ್ನೂ ಬರೆದಿದ್ದರು. ಕೋಷ್ಟಕಕ್ಕೆ ಕಡುನೀಲಿ ಬಣ್ಣವೇ ಬೇಕೆಂದು ಹಟ ಹಿಡಿದವರೂ ಅವರೇ. ಪಿಡಿಎಫ್ ಮಾಡಿದ ಕೂಡಲೇ ಆ ನೀಲಿಯ ತುಂಬಾ ಕೂದಲೆಳೆಯಂಥ ಬಿಳಿ ಗೆರೆಗಳು ಎದ್ದವು.

"ಇದೇನಮ್ಮಾ ಇದು? ಮಂತ್ರಿಗಳು ನೋಡಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

"ಅದು ಸ್ಕ್ರೀನಲ್ಲಿ ಮಾತ್ರ ಸಾರ್, ಪ್ರಿಂಟಲ್ಲಿ ಬರಲ್ಲ," ಎಂದಳು ಆಪರೇಟರ್ ವಾರಿಜ.

"ಗೆರೆ ಅಂದ್ರೆ ಗೆರೇನೇ! ನನ್ನ ಕೆಲಸದಲ್ಲಿ ಒಂದು ಗೀಟೂ ಇರಕೂಡದು."

ಕಟ್ಟಡ ಏಳುವಾಗ ಒಂದು ದಿನವೂ ಅತ್ತ ಸುಳಿಯದ ಸಾಹೇಬರು ಈಗ ಅದೇ ಕಟ್ಟಡದಲ್ಲಿ ಅವಳ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ಅವಳು ಕೋಷ್ಟಕದ ಅಂಚುಗಳನ್ನು ಅಳಿಸಿದಳು, ಬಣ್ಣವನ್ನು ಹೊಸದಾಗಿ ತುಂಬಿದಳು, ಕೊನೆಗೆ ಇಡೀ ಕೋಷ್ಟಕವನ್ನೇ ಚಿತ್ರವಾಗಿಸಿ ಅಂಟಿಸಿದಳು. ಗೆರೆಗಳೆಲ್ಲ ಮಾಯವಾದವು. ಒಂದು ಮಾತ್ರ, 'ಬಿರುಕು: ಇಲ್ಲ' ಎಂಬ ಸಾಲನ್ನೇ ಓರೆಯಾಗಿ ಸೀಳಿಕೊಂಡು, ಜಪ್ಪಯ್ಯ ಅಂದರೂ ಕದಲಲಿಲ್ಲ. ಪುಟವನ್ನು ದೊಡ್ಡದು ಮಾಡಿದರೂ ಅಷ್ಟೇ, ಚಿಕ್ಕದು ಮಾಡಿದರೂ ಅಷ್ಟೇ.

"ಇಷ್ಟು ವರ್ಷ ಏನ್ ಕಲ್ತ್ರಿ ನೀವೆಲ್ಲ?" ಎಂದು ಗುಡುಗಿದ ಸಾಹೇಬರು ಸಿಟ್ಟಿನಲ್ಲಿ ಮಾನಿಟರನ್ನೇ ಆರಿಸಿಬಿಟ್ಟರು.

ಕಪ್ಪು ಪರದೆಯ ಮೇಲೂ ಗೆರೆ ಹಾಗೇ ಇತ್ತು.

ಇಬ್ಬರೂ ನಿಧಾನವಾಗಿ ಹಿಂದೆ ತಿರುಗಿ ನೋಡಿದರು. ಬೆನ್ನ ಹಿಂದಿನ ಗೋಡೆ ಸೂರಿನಿಂದ ನೆಲದವರೆಗೆ ಬಿರುಕು ಬಿಟ್ಟಿತ್ತು. ಬಿರುಕಿನಲ್ಲಿ ಬೀದಿಯ ಬಿಸಿಲು ಹೊಳೆಯುತ್ತಿತ್ತು.

ಸಾಹೇಬರು ಗಂಟಲು ಸರಿಮಾಡಿಕೊಂಡರು. "ಮಾನಿಟರ್ ಆ ಕಡೆ ತಿರುಗಿಸಮ್ಮ. ವರದಿ ಕಳಿಸಿಬಿಡು."