ಪಡುಕೆರೆಯ ಅಭಿಷೇಕ ಶಿಲೆ

ಕಡಲು ಕಾರ್ಕಳದ ಪೇಟೆಯವರೆಗೆ ಏರಿ ಬಂದು ಎಷ್ಟೋ ವರ್ಷಗಳಾಗಿದ್ದವು. ಬೇಸಿಗೆ ರಜೆ ಬಂತೆಂದರೆ ಜನ ಗಾಜಿನ ಬಸ್ಸು ಹತ್ತಿ, ಮುಳುಗಿದ ಹೆದ್ದಾರಿಯ ಮೇಲೆ ನೀರೊಳಗೇ ಸಾಗುತ್ತ ಹಳೆಯ ಕರಾವಳಿ ನೋಡಿ ಬರುತ್ತಿದ್ದರು. ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಬೇಕೆಂದು ವಾರಿಜಕ್ಕ ಟ್ರಾವೆಲ್ಸ್ ಆಫೀಸಿಗೆ ಬಂದಿದ್ದರು.

“ಉಳ್ಳಾಲದಿಂದ ಕಾರವಾರ, ನಾಲ್ಕು ದಿನ,” ಎನ್ನುತ್ತ ಏಜೆಂಟ್ ನಿತೇಶ ಪರದೆಯ ಮೇಲೆ ಚಿತ್ರಗಳನ್ನು ಸರಿಸಿದ. “ಎರಡನೇ ದಿನ ಮಲ್ಪೆ ಪಡುಕೆರೆ. ಇದು ಅಲ್ಲಿಯ ಪ್ರಾಚೀನ ಅಭಿಷೇಕ ಶಿಲೆ. ಬಸ್ಸು ಮೂರು ಸುತ್ತು ಬರ್ತದೆ. ಚಪ್ಪಲಿ ತೆಗೆದು ಕೂತ್ಕೊಳ್ಬೇಕು.”

ವಾರಿಜಕ್ಕ ಕನ್ನಡಕ ಏರಿಸಿ ನೋಡಿದರು. ದುಂಡನೆಯ ಕಲ್ಲು, ನಡುವೆ ಗುಂಡಿ. ಅಂಚಿನಲ್ಲಿ ಒಂದು ಚೂರು ಹಾರಿಹೋಗಿತ್ತು.

“ಎಂತ ಅಭಿಷೇಕ ಮಾರಾಯ! ಇದು ಪಡುಕೆರೆಯ ನಮ್ಮ ಮನೆಯಲ್ಲಿ ನಾನು ಮೀನಿಗೆ ಮಸಾಲೆ ಕಡೀತಿದ್ದ ಕಲ್ಲು. ಅಂಚು ಒಡೆದದ್ದು ನನ್ನ ಗಂಡ ದೋಣಿಯ ಲಂಗರು ಬೀಳಿಸಿ!”

“ತಜ್ಞರು ಹೇಳಿದ್ದು ಅಕ್ಕ, ನಾನೆಂತ ಮಾಡುದು?” ನಿತೇಶ ದನಿ ತಗ್ಗಿಸಿದ. “ಮತ್ತೆ ಆ ದಿನ ಬಸ್ಸಲ್ಲಿ ಸಸ್ಯಾಹಾರ ಮಾತ್ರ. ಪುಣ್ಯಸ್ಥಳ ಅಲ್ವಾ, ಮೀನಿನ ವಾಸನೆ ಆಗುದಿಲ್ಲ.”

ವಾರಿಜಕ್ಕನ ಮುಖ ಕೆಂಪೇರಿತು. “ನನ್ನ ಅಡುಗೆಮನೆಯಲ್ಲಿ ನನಗೇ ಮೀನು ಆಗುದಿಲ್ವಾ? ಗಾಜಿನ ಹೊರಗೆ ಸುತ್ತ ಈಜುದು ಎಂತ, ಬದನೆಕಾಯಿಯಾ?”

ನಿತೇಶ ಪರದೆಯ ಮೇಲಿನ ಚಿತ್ರ ಮುಚ್ಚಿದ. “ಹಾಗಾದ್ರೆ ಬೇರೆ ಬಸ್ಸು ನೋಡ್ಲಾ?”

“ಬೇಡ, ಇದೇ ಬಸ್ಸು. ಮುಂದಿನ ಸೀಟೇ ಹಾಕು. ಚಪ್ಪಲಿ ತೆಗೀತೇನೆ, ನನ್ನ ಮನೆ ಅಲ್ವಾ. ಬಂಗುಡೆ ಮೀನಿನ ಪುಳಿಮುಂಚಿಯ ಡಬ್ಬಿ ಮಾತ್ರ ನಾನೇ ತರ್ತೇನೆ. ಮುಚ್ಚಳ ಆ ಕಲ್ಲಿನ ಎದುರೇ ತೆಗೆಯುದು.”